ಕಾರಿನ ಗಾಜಿಗೆ ಎಷ್ಟು ಕಪ್ಪು? ಕಂಪನಿ ಗಾಜಿಗೆ ಹೊಂದುವ ಫಿಲ್ಮ್ ಆಯ್ಕೆಯ ಹಿಂದಿನ ಲೆಕ್ಕ

ಬೆಂಗಳೂರು: ಬೇಸಿಗೆ ಕಾಲಿಡುತ್ತಿದ್ದಂತೆ ನಗರದ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಮಾಲೀಕರ ಬೇಡಿಕೆ ಬಹುತೇಕ ಒಂದೇ ಬಗೆಯದು. ಬಿಸಿಲು ಒಳಗೆ ಬರಬಾರದು, ಹೊರಗಿನವರ ಕಣ್ಣಿಗೆ ಒಳಗಿರುವುದು ಕಾಣಬಾರದು, ಆದರೆ ಗಾಜು ಕಂಪನಿಯಿಂದಲೇ ಹಾಗೆ ಬಂದಂತೆ ಇರಬೇಕು. ಅಂಗಡಿಯವರು ಮಾದರಿ ತುಣುಕುಗಳ ಕಟ್ಟು ಬಿಚ್ಚಿ 35, 50, 70 ಎಂದು ಅಂಕಿಗಳನ್ನು ಹೇಳುತ್ತಾರೆ. ಮಾಲೀಕರು ಕಣ್ಣಳತೆಯಲ್ಲಿ ಒಂದನ್ನು ಆರಿಸುತ್ತಾರೆ. ಕೆಲವು ಸಾವಿರ ರೂಪಾಯಿ ತೆತ್ತು ಅಂಟಿಸಿಕೊಂಡ ಅದೇ ಫಿಲ್ಮನ್ನು ಮುಂದೊಂದು ದಿನ ಯಾವುದೋ ವೃತ್ತದಲ್ಲಿ ಪೊಲೀಸರ ಎದುರು ಉಗುರಿನಿಂದ ಕೆರೆದು ತೆಗೆಯಬೇಕಾದ ಪ್ರಸಂಗವೂ ಬರುತ್ತದೆ.

ಈ ಫಜೀತಿಗೆ ಮೂಲ ಕಾರಣ ಒಂದು ತಪ್ಪು ಕಲ್ಪನೆ. ಫಿಲ್ಮಿನ ಮೇಲಿರುವ ಅಂಕಿಯೇ ಗಾಜಿನ ಅಂತಿಮ ಅಂಕಿ ಎಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವವಾಗಿ ಕಾರ್ಖಾನೆಯಿಂದ ಬಂದ ಗಾಜಿಗೂ ತನ್ನದೇ ಆದ ಛಾಯೆಯುಂಟು. ಅದರ ಮೇಲೆ ಫಿಲ್ಮ್ ಕೂತಾಗ ಎರಡೂ ಸೇರಿ ಮೂರನೆಯ ಅಂಕಿಯೊಂದು ಹುಟ್ಟುತ್ತದೆ. ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆ ಮೂರನೆಯ ಅಂಕಿಯನ್ನು. ರಾತ್ರಿ ವೇಳೆ ಚಾಲಕನ ಕಣ್ಣು ಎದುರಿಸಬೇಕಾದುದೂ ಅದನ್ನೇ.

ಅಂಕಿ ಹೇಳುವುದೇನು?

ಗಾಜಿನ ಛಾಯೆಯನ್ನು ಅಳೆಯುವ ಮಾನಕ್ಕೆ 'ವಿಎಲ್‌ಟಿ' ಎಂಬ ಹೆಸರು ರೂಢಿಯಲ್ಲಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಗಾಜನ್ನು ದಾಟಿ ಒಳಬರುತ್ತದೆ ಎಂಬುದನ್ನು ಇದು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಹೊರಗಿನ 100 ಪಾಲು ಬೆಳಕಿನಲ್ಲಿ 70 ಪಾಲು ಒಳಬಂದರೆ ಆ ಗಾಜಿನ ವಿಎಲ್‌ಟಿ ಶೇ. 70. ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಅಂಕಿ ದೊಡ್ಡದಾದಷ್ಟೂ ಗಾಜು ತಿಳಿಯಾಗಿರುತ್ತದೆ, ಅಂಕಿ ಚಿಕ್ಕದಾದಷ್ಟೂ ಕಪ್ಪಾಗಿರುತ್ತದೆ. ಶೇ. 20ರ ಫಿಲ್ಮ್ ಎಂದರೆ ಸ್ವಲ್ಪವೇ ಕಪ್ಪು ಎಂದುಕೊಂಡು ಹಾಕಿಸಿಕೊಂಡವರು ಅನಂತರ ಪೇಚಾಡುವುದುಂಟು. ಅದು ಐದರಲ್ಲಿ ನಾಲ್ಕು ಪಾಲು ಬೆಳಕನ್ನು ತಡೆಯುವ ಗಾಢ ಫಿಲ್ಮ್.

ಯಾವ ಗಾಜೂ ನೂರಕ್ಕೆ ನೂರು ಬೆಳಕನ್ನು ಬಿಡುವುದಿಲ್ಲ. ಗಾಜಿನ ಪ್ರತಿ ಮೈಯಲ್ಲೂ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ. ಗಾಜಿಗೆ ಎರಡು ಮೈ ಇರುವುದರಿಂದ ಯಾವ ಬಣ್ಣವೂ ಇಲ್ಲದ ತೆಳು ಗಾಜು ಕೂಡ ಸುಮಾರು ಶೇ. 90ರಷ್ಟನ್ನು ಮಾತ್ರ ಒಳಬಿಡುತ್ತದೆ.

ಕಂಪನಿ ಗಾಜು ಬರಿಗಾಜಲ್ಲ

ಇಂದಿನ ಕಾರುಗಳ ಗಾಜನ್ನು ಸೂಕ್ಷ್ಮವಾಗಿ ಗಮನಿಸಿದರೆ ತೆಳು ಹಸಿರು ಛಾಯೆ ಕಾಣುತ್ತದೆ. ಗಾಜನ್ನು ಅರ್ಧ ಇಳಿಸಿ ಅದರ ಹಿಂದೆ ಬಿಳಿ ಕಾಗದ ಹಿಡಿದರೆ ಈ ಬಣ್ಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಗಾಜಿನ ಕಚ್ಚಾ ದ್ರವ್ಯದಲ್ಲಿ ಬೆರೆತಿರುವ ಕಬ್ಬಿಣದ ಅಂಶವೇ ಈ ಬಣ್ಣಕ್ಕೆ ಕಾರಣ. ಕಬ್ಬಿಣಾಂಶವು ಸೂರ್ಯನ ಅವಕೆಂಪು ಕಿರಣಗಳನ್ನು, ಎಂದರೆ ಶಾಖದ ಒಂದು ಭಾಗವನ್ನು ಹೀರಿಕೊಳ್ಳುವುದರಿಂದ ವಾಹನ ತಯಾರಕರು ಇಂತಹ ಗಾಜನ್ನು ಬಳಸುತ್ತಾರೆ. ಈ ಹಸಿರು ಗಾಜುಗಳ ವಿಎಲ್‌ಟಿ ಸಾಮಾನ್ಯವಾಗಿ ಶೇ. 70ರಿಂದ 80ರ ಆಸುಪಾಸಿನಲ್ಲಿರುತ್ತದೆ.

ವಿದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಎಸ್‌ಯುವಿ ಮಾದರಿಯ ವಾಹನಗಳ ಹಿಂಬದಿ ಗಾಜುಗಳು ಕಾರ್ಖಾನೆಯಿಂದಲೇ ಗಾಢ ಬೂದು ಬಣ್ಣದಲ್ಲಿ ಬರುತ್ತವೆ. ಇವುಗಳನ್ನು 'ಪ್ರೈವಸಿ ಗ್ಲಾಸ್' ಎನ್ನುತ್ತಾರೆ. ಇವುಗಳ ವಿಎಲ್‌ಟಿ ಬಹುತೇಕ ಶೇ. 15ರಿಂದ 26ರೊಳಗೆ ಇರುತ್ತದೆ. ಇಲ್ಲಿ ಬಣ್ಣ ಗಾಜಿನ ದ್ರವ್ಯದೊಳಗೇ ಸೇರಿರುತ್ತದೆ, ಮೇಲೆ ಅಂಟಿಸಿದ್ದಲ್ಲ. ಆದ್ದರಿಂದ ಅದು ಸುಲಿಯುವುದಿಲ್ಲ, ಗುಳ್ಳೆಯೇಳುವುದಿಲ್ಲ, ವರ್ಷಗಳುರುಳಿದರೂ ನೇರಳೆ ಬಣ್ಣಕ್ಕೆ ತಿರುಗುವುದಿಲ್ಲ. ಅಂಟಿಸುವ ಫಿಲ್ಮಿಗೂ ಕಾರ್ಖಾನೆಯ ಛಾಯೆಗೂ ಇರುವ ಮೊದಲ ವ್ಯತ್ಯಾಸ ಇದು.

ಎರಡನೆಯ ವ್ಯತ್ಯಾಸ ಬಣ್ಣದ್ದು. ಕಾರ್ಖಾನೆಯ ಛಾಯೆ ಹಸಿರು ಅಥವಾ ಹಸಿರು ಮಿಶ್ರಿತ ಬೂದು. ಫಿಲ್ಮುಗಳು ಸಾಮಾನ್ಯವಾಗಿ ಇದ್ದಿಲ ಕಪ್ಪು, ಬೂದು ಇಲ್ಲವೇ ಕಂಚಿನ ಬಣ್ಣದವು. ವಿಎಲ್‌ಟಿ ಅಂಕಿ ಸರಿಹೊಂದಿದರೂ ಬಣ್ಣ ಹೊಂದದಿದ್ದರೆ ಮುಂದಿನ ಮತ್ತು ಹಿಂದಿನ ಬಾಗಿಲುಗಳು ಬೇರೆ ಬೇರೆ ವಾಹನದವೆಂಬಂತೆ ಕಾಣುತ್ತವೆ. ಆದ್ದರಿಂದ ಅಂಕಿಯ ಜತೆಗೆ ಬಣ್ಣವನ್ನೂ ಹಗಲು ಬೆಳಕಿನಲ್ಲಿ ಪರೀಕ್ಷಿಸುವುದು ಅಗತ್ಯ. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದೇ ಎನಿಸಿದ ಎರಡು ಛಾಯೆಗಳು ಬಿಸಿಲಿಗೆ ಬಂದೊಡನೆ ಬೇರೆಯಾಗಿ ಕಾಣುವುದು ಸಾಮಾನ್ಯ.

ಕಳೆಯುವುದಲ್ಲ, ಗುಣಿಸುವುದು

ಗಾಜು ಮತ್ತು ಫಿಲ್ಮ್ ಸೇರಿದಾಗ ಅಂತಿಮ ವಿಎಲ್‌ಟಿ ಎಷ್ಟು? ಈ ಲೆಕ್ಕ ಸರಳವಾದುದು. ಎರಡೂ ಅಂಕಿಗಳನ್ನು ಗುಣಿಸಿ ನೂರರಿಂದ ಭಾಗಿಸಬೇಕು. ಗಾಜು 100 ಪಾಲು ಬೆಳಕಿನಲ್ಲಿ 75 ಪಾಲನ್ನು ಒಳಬಿಟ್ಟರೆ, ಫಿಲ್ಮ್ ಆ 75ರಲ್ಲಿ ತನ್ನ ಪಾಲನ್ನು ಮಾತ್ರ ಬಿಡುತ್ತದೆ. ಫಿಲ್ಮ್ ಶೇ. 70ರದಾದರೆ 75ರಲ್ಲಿ ಶೇ. 70, ಎಂದರೆ 52.5 ಪಾಲು ಮಾತ್ರ ಚಾಲಕನಿಗೆ ದಕ್ಕುತ್ತದೆ.

ಈಗ ಅದೇ ಶೇ. 70ರ ಫಿಲ್ಮನ್ನು ಮೂರು ಬೇರೆ ಬೇರೆ ಕಾರುಗಳಿಗೆ ಹಾಕಿದರೆ ಏನಾಗುತ್ತದೆ ನೋಡೋಣ. ಗಾಜಿನ ವಿಎಲ್‌ಟಿ ಶೇ. 80 ಇರುವ ಕಾರಿನಲ್ಲಿ ಅಂತಿಮ ಅಂಕಿ 56. ಶೇ. 75 ಇರುವ ಕಾರಿನಲ್ಲಿ 52.5. ಶೇ. 70 ಇರುವ ಕಾರಿನಲ್ಲಿ 49. ಪಕ್ಕದ ಗಾಜಿಗೆ ಕನಿಷ್ಠ ಶೇ. 50 ಇರಬೇಕೆಂಬ ಮಿತಿಯನ್ನು ಮೊದಲೆರಡು ಕಾರುಗಳು ದಾಟುತ್ತವೆ, ಮೂರನೆಯದು ಎಡವುತ್ತದೆ. ಒಂದೇ ಅಂಗಡಿ, ಒಂದೇ ಸುರುಳಿ, ಒಂದೇ ಬೆಲೆ. ಆದರೂ ಪಕ್ಕದ ಮನೆಯವರ ಕಾರಿಗೆ ಸರಿಹೋದದ್ದು ತನ್ನ ಕಾರಿಗೆ ಸರಿಹೋಗದಿರಲು ಕಾರಣ ಇದೇ.

ಲೆಕ್ಕವನ್ನು ಹಿಂದುಮುಂದಾಗಿಯೂ ಮಾಡಬಹುದು. ಬೇಕಾದ ಅಂತಿಮ ಅಂಕಿಯನ್ನು ಗಾಜಿನ ಅಂಕಿಯಿಂದ ಭಾಗಿಸಿದರೆ ಯಾವ ಫಿಲ್ಮ್ ಬೇಕೆಂಬುದು ತಿಳಿಯುತ್ತದೆ. ಗಾಜು ಶೇ. 74 ಇದ್ದು, ಸ್ವಲ್ಪ ಅವಕಾಶವಿಟ್ಟುಕೊಂಡು ಅಂತಿಮವಾಗಿ ಶೇ. 55 ಬೇಕೆಂದರೆ ಸುಮಾರು ಶೇ. 75ರ ಫಿಲ್ಮ್ ಬೇಕಾಗುತ್ತದೆ. ಮುಂದಿನ ಮತ್ತು ಹಿಂದಿನ ದೊಡ್ಡ ಗಾಜುಗಳ ಸಂಗತಿ ಇನ್ನೂ ಬಿಗಿಯಾದುದು. ಅಲ್ಲಿ ಕನಿಷ್ಠ ಶೇ. 70 ಇರಬೇಕು. ಗಾಜು ಶೇ. 75 ಇದ್ದರೆ ಶೇ. 93ಕ್ಕಿಂತ ಕಡಿಮೆಯ ಯಾವ ಫಿಲ್ಮೂ ಅಲ್ಲಿ ಸಲ್ಲದು. ಅಂದರೆ ಬಹುತೇಕ ಬಣ್ಣವೇ ಇಲ್ಲದ ಫಿಲ್ಮಿಗೆ ಮಾತ್ರ ಅಲ್ಲಿ ಜಾಗ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ತಯಾರಕರು ತಮ್ಮ ಫಿಲ್ಮಿನ ಅಂಕಿಯನ್ನು ತೆಳುವಾದ ತಿಳಿಗಾಜಿನ ಮೇಲೆ ಅಂಟಿಸಿ ಅಳೆದು ನಮೂದಿಸಿರುತ್ತಾರೆ. ಅಂತಹ ಸಂದರ್ಭದಲ್ಲಿ ಗಾಜಿನ ಮೈಯ ಪ್ರತಿಫಲನ ಎರಡು ಬಾರಿ ಲೆಕ್ಕಕ್ಕೆ ಬಂದು, ಗುಣಾಕಾರದ ಉತ್ತರ ನಿಜಕ್ಕಿಂತ ತುಸು ಕಡಿಮೆ ಬರುತ್ತದೆ. ಆದ್ದರಿಂದ ಗುಣಾಕಾರವನ್ನು ಆಯ್ಕೆಗೆ ದಾರಿದೀಪವಾಗಿ ಬಳಸಬಹುದೇ ಹೊರತು ಅಂತಿಮ ತೀರ್ಪಾಗಿ ಅಲ್ಲ. ತೀರ್ಪು ಕೊಡಬೇಕಾದುದು ಮಾಪಕ. ಗಾಜಿನ ಒಂದು ಬದಿಯಲ್ಲಿ ಬೆಳಕು ಸೂಸಿ, ಇನ್ನೊಂದು ಬದಿಯಲ್ಲಿ ಅದನ್ನು ಅಳೆಯುವ ಅಂಗೈಯಗಲದ ಉಪಕರಣಗಳು ದೊರೆಯುತ್ತವೆ. ಇಳಿಸಬಹುದಾದ ಗಾಜಿಗೆ ಒಂದೇ ತುಂಡಿನ ಮಾಪಕ ಸಾಕು. ಕದಲದ ಗಾಜಿಗೆ ಒಳಗೊಂದು ಹೊರಗೊಂದು ಇಡುವ ಎರಡು ತುಂಡಿನದು ಬೇಕು.

ಕಣ್ಣು ಮೋಸ ಹೋಗುವುದೇಕೆ?

ಅನುಭವಿ ಕೆಲಸಗಾರನ ಕಣ್ಣಳತೆಯೂ ಇಲ್ಲಿ ಕೈಕೊಡುತ್ತದೆ. ಮನುಷ್ಯನ ಕಣ್ಣು ಬೆಳಕನ್ನು ತಕ್ಕಡಿಯಂತೆ ತೂಗುವುದಿಲ್ಲ. ಬೆಳಕು ಅರ್ಧಕ್ಕಿಳಿದರೂ ಪಾಪೆ ಹಿಗ್ಗಿ, ದೃಷ್ಟಿಪಟಲ ಹೊಂದಿಕೊಂಡು, ಸ್ವಲ್ಪವೇ ಮಬ್ಬಾದಂತೆ ಅನಿಸುತ್ತದೆ. ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಶೇ. 75ರ ಗಾಜಿಗೂ ಶೇ. 50ರ ಗಾಜಿಗೂ ಒಳಗೆ ಕುಳಿತವರಿಗೆ ಹೆಚ್ಚು ಅಂತರ ತೋರುವುದಿಲ್ಲ.

ಹೊರಗೆ ನಿಂತು ನೋಡುವವರಿಗೆ ಇನ್ನೊಂದು ಭ್ರಮೆ. ಗಾಜು ಎಷ್ಟು ಕಪ್ಪಾಗಿ ಕಾಣುತ್ತದೆಂಬುದು ಅದರ ಹಿಂದಿನ ಬೆಳಕನ್ನೂ ಅವಲಂಬಿಸಿದೆ. ಮುಂದಿನ ಆಸನಗಳಿಗೆ ಮುಂಗಾಜಿನಿಂದ ಯಥೇಚ್ಛ ಬೆಳಕು ಬರುತ್ತದೆ, ಹಿಂದಿನ ಆಸನಗಳಿಗೆ ಅಷ್ಟು ಬರುವುದಿಲ್ಲ. ಹೀಗಾಗಿ ನಾಲ್ಕೂ ಬಾಗಿಲಿನ ಗಾಜು ಒಂದೇ ಅಂಕಿಯದಾಗಿದ್ದರೂ ಹಿಂದಿನವು ಹೆಚ್ಚು ಕಪ್ಪಾಗಿ ತೋರುತ್ತವೆ. ಆಸನದ ಹೊದಿಕೆ ಕಪ್ಪಾಗಿದ್ದರೆ ಗಾಜೂ ಕಪ್ಪು, ಹೊದಿಕೆ ಬಿಳಿಯಾಗಿದ್ದರೆ ಗಾಜೂ ತಿಳಿ. ಕಣ್ಣಿಗೆ ಕಂಡ ಹಿಂದಿನ ಗಾಜಿಗೆ ಸರಿದೂಗಿಸಲು ಹೊರಟವರು ಮುಂದಿನ ಗಾಜನ್ನು ಅಗತ್ಯಕ್ಕಿಂತ ಹೆಚ್ಚು ಕಪ್ಪು ಮಾಡಿಬಿಡುತ್ತಾರೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ. ಹಿಂದಿನ ಪ್ರೈವಸಿ ಗ್ಲಾಸ್ ಶೇ. 20 ಇದೆಯೆಂದು ಮುಂದಿನ ಬಾಗಿಲಿಗೂ ಶೇ. 20ರ ಫಿಲ್ಮ್ ಹಾಕಿಸಿದರೆ, ಮುಂದಿನ ಗಾಜಿನ ಸ್ವಂತ ಛಾಯೆ ಸೇರಿ ಅಂತಿಮ ಅಂಕಿ 16ರ ಸುಮಾರಿಗೆ ಇಳಿಯುತ್ತದೆ. ಮುಂದಿನದು ಹಿಂದಿನದಕ್ಕಿಂತ ಕಪ್ಪಾಗುತ್ತದೆ. ಕ್ಯಾಲಿಫೋರ್ನಿಯದಂತಹ ರಾಜ್ಯದಲ್ಲಿ ಮುಂದಿನ ಬಾಗಿಲುಗಳ ಗಾಜು ಫಿಲ್ಮ್ ಸಹಿತ ಶೇ. 70ಕ್ಕಿಂತ ಕಡಿಮೆ ಇರುವಂತಿಲ್ಲ. ಅಲ್ಲಿ ಮುಂದಿನದನ್ನು ಹಿಂದಿನದಕ್ಕೆ ಹೊಂದಿಸುವ ಆಸೆಯೇ ಕಾನೂನುಬಾಹಿರ.

ಕಾನೂನು ನಡೆದುಬಂದ ದಾರಿ

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 100ನೇ ನಿಯಮ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕೆಂದು ಅದು ವಿಧಿಸುತ್ತದೆ. ಬಹುಕಾಲ ಈ ನಿಯಮ ಪುಸ್ತಕದಲ್ಲಷ್ಟೇ ಉಳಿದಿತ್ತು. ರಾಜಕಾರಣಿಗಳಿಂದ ಹಿಡಿದು ಕಾಲೇಜು ವಿದ್ಯಾರ್ಥಿಗಳವರೆಗೆ ಎಲ್ಲರ ಕಾರುಗಳ ಮೇಲೂ ಕಪ್ಪು ಫಿಲ್ಮ್ ರಾರಾಜಿಸುತ್ತಿತ್ತು.

2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆಯಿತು. ಅಭಿಷೇಕ್ ಗೋಯೆಂಕಾ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ತೀರ್ಪಿನಲ್ಲಿ ನ್ಯಾಯಾಲಯ, ವಾಹನಗಳ ಸುರಕ್ಷಾ ಗಾಜುಗಳ ಮೇಲೆ ಯಾವುದೇ ವಿಎಲ್‌ಟಿ ಪ್ರಮಾಣದ ಕಪ್ಪು ಫಿಲ್ಮ್ ಅಥವಾ ಇತರ ವಸ್ತುವನ್ನು ಅಂಟಿಸುವುದನ್ನು ನಿಷೇಧಿಸಿತು. ಆದೇಶ ಅದೇ ವರ್ಷದ ಮೇ 4ರಿಂದ ಜಾರಿಗೆ ಬಂತು. ಕಪ್ಪು ಗಾಜಿನ ವಾಹನಗಳಲ್ಲಿ ನಡೆಯುತ್ತಿದ್ದ ಅಪರಾಧಗಳು ನ್ಯಾಯಾಲಯದ ಗಮನದಲ್ಲಿದ್ದವು. ಆದರೆ ತೀರ್ಪಿನ ತಾರ್ಕಿಕ ತಿರುಳು ಬೇರೆಯೇ ಇತ್ತು. ನಿಯಮ ಹೇಳುವುದು ಗಾಜಿನ ಬಗ್ಗೆ, ಗಾಜು ತಯಾರಾಗುವಾಗಲೇ ನಿಗದಿತ ಪ್ರಮಾಣದ ಬೆಳಕನ್ನು ಬಿಡುವಂತಿರಬೇಕು, ತಯಾರಾದ ಬಳಿಕ ಅದಕ್ಕೆ ಫಿಲ್ಮ್ ಸೇರಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂಬುದು ಆ ತಿರುಳು. ಹೀಗಾಗಿ ಶೇ. 50ರ ಮಿತಿಯೊಳಗೆ ಕಾರ್ಖಾನೆಯೇ ಬಣ್ಣದ ಗಾಜು ಕೂರಿಸಿ ಕೊಟ್ಟರೆ ಅದು ಸಕ್ರಮ, ಅದೇ ಛಾಯೆಯನ್ನು ಫಿಲ್ಮಿನಿಂದ ತಂದುಕೊಂಡರೆ ಅಕ್ರಮ ಎಂಬ ಸ್ಥಿತಿ ನೆಲೆಗೊಂಡಿತು. ಬೆಂಗಳೂರು ಸೇರಿದಂತೆ ದೇಶದ ನಗರಗಳಲ್ಲಿ ಪೊಲೀಸರು ರಸ್ತೆಯಲ್ಲೇ ಫಿಲ್ಮ್ ಕೀಳಿಸುವ ಕಾರ್ಯಾಚರಣೆ ಆರಂಭವಾದದ್ದು ಆಗಲೇ.

ಮುಂದೆ 100ನೇ ನಿಯಮಕ್ಕೆ ತಿದ್ದುಪಡಿಯಾಗಿ, ಅದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. 'ಸುರಕ್ಷಾ ಗಾಜು' ಎಂಬುದರ ಜತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ವಿಶಾಲ ಪದ ನಿಯಮದೊಳಗೆ ಸೇರಿತು. 2019ರಲ್ಲಿ ಪರಿಷ್ಕೃತವಾದ ಐಎಸ್ 2553 ಮಾನಕದ ಎರಡನೇ ಭಾಗ ಇದಕ್ಕೆ ಅಳತೆಗೋಲಾಯಿತು. ಒಳಮೈಗೆ ಪ್ಲಾಸ್ಟಿಕ್ ಪದರ ಹೊಂದಿದ ಗಾಜನ್ನೂ ಈ ಮಾನಕ ಒಂದು ಬಗೆಯ ಗ್ಲೇಜಿಂಗ್ ಎಂದು ಗುರುತಿಸುತ್ತದೆ.

ಇದನ್ನೇ ಆಧರಿಸಿ ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಮಹತ್ವದ ತೀರ್ಪೊಂದನ್ನು ನೀಡಿತು. ಮಾನಕಕ್ಕೆ ಅನುಗುಣವಾದ ಫಿಲ್ಮ್ ಅಂಟಿಸಿದ ಮೇಲೂ ಮುಂದೆ ಹಿಂದೆ ಶೇ. 70, ಪಕ್ಕದಲ್ಲಿ ಶೇ. 50 ಬೆಳಕು ಉಳಿಯುವುದಾದರೆ ವಾಹನ ಮಾಲೀಕರಿಗೆ ದಂಡ ವಿಧಿಸುವಂತಿಲ್ಲ ಎಂದು ಅದು ಹೇಳಿತು. ಸುಪ್ರೀಂ ಕೋರ್ಟಿನ 2012ರ ತೀರ್ಪು ತಿದ್ದುಪಡಿಗೆ ಮುಂಚಿನ ನಿಯಮದ ಮೇಲೆ ನಿಂತದ್ದು ಎಂಬುದು ಅದರ ವಿಶ್ಲೇಷಣೆ. ಗಾಜನ್ನು ನಿಗದಿತ ಸ್ಥಿತಿಯಲ್ಲಿ 'ಕಾಪಾಡಿಕೊಳ್ಳಬೇಕು' ಎಂದು ನಿಯಮ ಹೇಳಿರುವುದರಿಂದ ಈ ಅವಕಾಶ ತಯಾರಕರಿಗಷ್ಟೇ ಸೀಮಿತವಲ್ಲ ಎಂದೂ ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಹಾಗೆಂದು ಕರ್ನಾಟಕದ ವಾಹನ ಮಾಲೀಕರು ಅವಸರಪಡುವಂತಿಲ್ಲ. ಒಂದು ಹೈಕೋರ್ಟಿನ ತೀರ್ಪು ಬೇರೆ ರಾಜ್ಯದ ಅಧಿಕಾರಿಗಳನ್ನು ನೇರವಾಗಿ ಬಂಧಿಸುವುದಿಲ್ಲ. ವಾದಕ್ಕೆ ಆಧಾರವಾಗಬಹುದು, ರಕ್ಷಾಕವಚವಾಗಲಾರದು. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಕಾರು ತಲಪಾಡಿ ಗಡಿ ದಾಟುವಷ್ಟರಲ್ಲಿ ಅದರ ಗಾಜಿಗೆ ಅನ್ವಯಿಸುವ ವ್ಯಾಖ್ಯಾನವೇ ಬದಲಾಗಬಹುದಾದ ವಿಚಿತ್ರ ಸ್ಥಿತಿ ಇದು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ, 2019ರ ತಿದ್ದುಪಡಿಯ ಬಳಿಕ, ಮೊದಲ ಬಾರಿಗೆ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡಕ್ಕಿಂತ ದೊಡ್ಡ ನಷ್ಟ ಕಿತ್ತುಹಾಕಬೇಕಾದ ಫಿಲ್ಮಿನದು.

ಕಪ್ಪು ಬೇರೆ, ತಂಪು ಬೇರೆ

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದವರಿಗೆ ಕಪ್ಪು ಗಾಜಿನ ಆಸೆ ಹುಟ್ಟುವುದು ಸಹಜ. ಆದರೆ ಕಪ್ಪಿಗೂ ತಂಪಿಗೂ ಇರುವ ನಂಟು ಜನ ಭಾವಿಸಿರುವಷ್ಟು ಗಟ್ಟಿಯಾದುದಲ್ಲ. ಭೂಮಿಗೆ ತಲುಪುವ ಸೂರ್ಯಶಕ್ತಿಯಲ್ಲಿ ಸರಿಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ತುಸು ಕಡಿಮೆ, ಉಳಿದ ಅಲ್ಪಾಂಶ ಅತಿನೇರಳೆ ಕಿರಣಗಳದು. ಬರಿಯ ಬಣ್ಣ ಬಳಿದ ಅಗ್ಗದ ಫಿಲ್ಮ್ ಕಾಣುವ ಬೆಳಕನ್ನು ತಡೆದು ಕತ್ತಲೆ ತರುತ್ತದೆ, ಅವಕೆಂಪಿನ ಬಹುಭಾಗವನ್ನು ಒಳಗೆ ಬಿಟ್ಟುಬಿಡುತ್ತದೆ. ಸೆರಾಮಿಕ್ ಕಣಗಳಿರುವ ತಿಳಿಯಾದ ಫಿಲ್ಮ್ ಬೆಳಕನ್ನು ಬಿಟ್ಟು ಅವಕೆಂಪನ್ನು ತಡೆಯಬಲ್ಲದು. ಹೀಗಾಗಿ ಶೇ. 70ರ ಉತ್ತಮ ಸೆರಾಮಿಕ್ ಫಿಲ್ಮ್, ಶೇ. 20ರ ಅಗ್ಗದ ಕಪ್ಪು ಫಿಲ್ಮಿಗಿಂತ ಹೆಚ್ಚು ಶಾಖ ತಡೆಯುವುದು ಸಾಧ್ಯ. ಶಾಖದ ಲೆಕ್ಕಕ್ಕೆ ವಿಎಲ್‌ಟಿ ಅಲ್ಲ, ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲನ್ನು ತಡೆಯುತ್ತದೆ ಎಂಬ ಬೇರೊಂದು ಅಂಕಿಯನ್ನು ಕೇಳಿ ತಿಳಿಯಬೇಕು.

ಲೋಹದ ಲೇಪವಿರುವ ಫಿಲ್ಮುಗಳೂ ಶಾಖ ತಡೆಯುತ್ತವೆ. ಆದರೆ ಅವು ರೇಡಿಯೊ ಅಲೆಗಳಿಗೂ ಅಡ್ಡಬರುತ್ತವೆ. ಮೊಬೈಲ್, ಜಿಪಿಎಸ್ ಸಂಕೇತ ಕ್ಷೀಣಿಸಬಹುದು. ಮುಂಗಾಜಿನ ಒಳಗೆ ಅಂಟಿಸುವ ಫಾಸ್ಟ್ಯಾಗ್ ಕೂಡ ರೇಡಿಯೊ ಅಲೆಗಳಿಂದಲೇ ಕೆಲಸ ಮಾಡುವುದರಿಂದ ಟೋಲ್ ಗೇಟಿನಲ್ಲಿ ತೊಡಕಾಗಬಹುದು.

ಚರ್ಮದ ಕಾಳಜಿಯಿಂದ ಕಪ್ಪು ಫಿಲ್ಮ್ ಕೇಳುವವರೂ ಇದ್ದಾರೆ. ಮುಂಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜಾಗಿದ್ದು, ಆ ಪದರವೇ ಅತಿನೇರಳೆ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಟೆಂಪರ್ಡ್ ಗಾಜು. ಅವುಗಳ ಮೂಲಕ ಅತಿನೇರಳೆಯ ಒಂದು ಭಾಗ ಒಳಬರುತ್ತದೆ. ಅದನ್ನು ತಡೆಯಲು ಕಪ್ಪು ಬಣ್ಣ ಬೇಕಿಲ್ಲ. ಬಣ್ಣವಿಲ್ಲದ ಫಿಲ್ಮೂ ಆ ಕೆಲಸ ಮಾಡುತ್ತದೆ. ಕೆಲವು ಕಾರುಗಳಲ್ಲಿ ಅತಿನೇರಳೆ ತಡೆಯುವ ಗಾಜು ಕಾರ್ಖಾನೆಯಿಂದಲೇ ಬರುತ್ತದೆ.

ರಾತ್ರಿಯ ಲೆಕ್ಕ

ಹಗಲಿನಲ್ಲಿ ಲೆಕ್ಕಕ್ಕೆ ಬಾರದ ಅಂತರ ರಾತ್ರಿ ಎದುರಾಗುತ್ತದೆ. ಬೀದಿದೀಪವಿಲ್ಲದ ರಸ್ತೆ, ಮಳೆ, ಎದುರು ವಾಹನದ ಪ್ರಖರ ದೀಪ, ಅಂಚಿನಲ್ಲಿ ಗಾಢ ಬಣ್ಣದ ಉಡುಪು ತೊಟ್ಟು ನಡೆಯುವ ಪಾದಚಾರಿ. ಇಂತಹ ಕಡೆ ಕಣ್ಣಿಗೆ ದಕ್ಕುವ ಬೆಳಕೇ ಅತ್ಯಲ್ಪ. ಅದರಲ್ಲೂ ಅರ್ಧವನ್ನು ಗಾಜು ನುಂಗಿದರೆ ಉಳಿಯುವುದು ಅಂದಾಜು ಮಾತ್ರ. ಬದಿಯ ಕನ್ನಡಿಗಳನ್ನು ಚಾಲಕ ನೋಡುವುದು ಮುಂದಿನ ಬಾಗಿಲಿನ ಗಾಜಿನ ಮೂಲಕವೇ. ಎಡಬದಿಯಿಂದ ನುಗ್ಗುವ ದ್ವಿಚಕ್ರ ವಾಹನ ಕಾಣಬೇಕಾದುದೂ ಆ ಗಾಜಿನ ಮೂಲಕವೇ. ಆದ್ದರಿಂದ ಮುಂದಿನ ಎರಡು ಬಾಗಿಲುಗಳ ಛಾಯೆ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ವಯಸ್ಸಿನ ಪಾತ್ರವೂ ಇಲ್ಲಿದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಅರುವತ್ತರ ವಯಸ್ಸಿನವರ ದೃಷ್ಟಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ತರುಣರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಮಗ ಆರಿಸಿದ ಛಾಯೆಯ ಕಾರನ್ನು ರಾತ್ರಿ ತಂದೆ ಓಡಿಸಬೇಕಾದ ಮನೆಗಳಲ್ಲಿ ಇದನ್ನು ಮರೆಯಬಾರದು.

ಇನ್ನೊಂದು ಮಗ್ಗುಲೂ ಇದೆ. ಕೂಡು ರಸ್ತೆಯಲ್ಲಿ ರಸ್ತೆ ದಾಟುವವರು ಚಾಲಕನ ಮುಖ ನೋಡಿ, ಆತ ತಮ್ಮನ್ನು ಗಮನಿಸಿದ್ದಾನೆಯೇ ಎಂದು ಅರಿತು ಹೆಜ್ಜೆ ಇಡುತ್ತಾರೆ. ಗಾಜು ಕಪ್ಪಾದರೆ ಆ ಮೌನ ಸಂವಾದ ಕಡಿದುಬೀಳುತ್ತದೆ.

ಒಡೆದ ಗಾಜಿಗೆ ಜೋಡಿ

ಹೊಂದಾಣಿಕೆಯ ಪ್ರಶ್ನೆ ಫಿಲ್ಮಿಗಷ್ಟೇ ಸೀಮಿತವಲ್ಲ. ಒಂದು ಬಾಗಿಲಿನ ಗಾಜು ಒಡೆದು ಹೊಸದನ್ನು ಕೂರಿಸಿದಾಗ ಅದು ಉಳಿದ ಮೂರಕ್ಕಿಂತ ತಿಳಿಯಾಗಿ ಅಥವಾ ಬೇರೆ ಹಸಿರಾಗಿ ಕಾಣುವುದುಂಟು. ಒಂದೇ ಮಾದರಿಯ ಕಾರಿನ ಬೇರೆ ಬೇರೆ ಶ್ರೇಣಿಗಳಲ್ಲಿ ಬೇರೆ ಬೇರೆ ಗಾಜು ಬಳಕೆಯಾಗಿರುವುದು ಇದಕ್ಕೆ ಒಂದು ಕಾರಣ. ಪ್ರತಿ ಗಾಜಿನ ಮೂಲೆಯಲ್ಲಿ ಸಣ್ಣ ಮುದ್ರೆಯಿರುತ್ತದೆ. ತಯಾರಕರ ಹೆಸರು, ಐಎಸ್‌ಐ ಗುರುತು, ಟೆಂಪರ್ಡ್ ಅಥವಾ ಲ್ಯಾಮಿನೇಟೆಡ್ ಎಂಬ ವಿವರ ಅದರಲ್ಲಿ ಸಿಗುತ್ತದೆ. ಯುರೋಪಿನ ಮಾನ್ಯತೆ ಪಡೆದ ಗಾಜುಗಳಲ್ಲಿ ವೃತ್ತದೊಳಗೆ 'ಇ' ಅಕ್ಷರ ಹಾಗೂ ಸಂಖ್ಯೆ ಇರುತ್ತದೆ. ಅದರ ಪಕ್ಕದಲ್ಲಿ ಐದು ಎಂಬುದರ ರೋಮನ್ ಅಂಕಿ ಇದ್ದರೆ ಆ ಗಾಜಿನ ವಿಎಲ್‌ಟಿ ಶೇ. 70ಕ್ಕಿಂತ ಕಡಿಮೆ ಎಂದು ಅರ್ಥ. ಹಳೆಯ ಗಾಜಿನ ಮುದ್ರೆಯ ಛಾಯಾಚಿತ್ರ ಇಟ್ಟುಕೊಂಡು ಅದಕ್ಕೆ ತಾಳೆಯಾಗುವ ಗಾಜನ್ನೇ ಕೇಳುವುದು ಜಾಣತನ.

ಅಂಗಡಿಗೆ ಹೋಗುವ ಮುನ್ನ

ಕ್ರಮ ತಪ್ಪದಿದ್ದರೆ ಕೆಲಸ ಸುಲಭ. ಮೊದಲು ಬರಿಗಾಜನ್ನು ತೊಳೆದು ಒರೆಸಿ ಮಾಪಕದಿಂದ ಅಳೆಸಬೇಕು. ಮುಂಗಾಜು, ಹಿಂಗಾಜು, ಪಕ್ಕದ ಗಾಜು, ಪ್ರತಿಯೊಂದರ ಅಂಕಿಯನ್ನೂ ಬರೆದುಕೊಳ್ಳಬೇಕು. ಅಂತಿಮ ಗುರಿಯನ್ನು ಮಿತಿಯ ಅಂಚಿಗೆ ಇಡದೆ, ಪಕ್ಕದ ಗಾಜಿಗೆ ಶೇ. 55ರ ಸುಮಾರಿಗೆ ಇಟ್ಟುಕೊಳ್ಳುವುದು ಒಳಿತು. ಒಂದು ಮಾಪಕಕ್ಕೂ ಇನ್ನೊಂದಕ್ಕೂ ಒಂದೆರಡು ಅಂಕಿಯ ವ್ಯತ್ಯಾಸ ಬರಬಹುದು. ಗಾಜಿನ ಮೇಲೆ ಧೂಳು ಕೂತರೂ ಅಂಕಿ ಇಳಿಯುತ್ತದೆ. ಅನಂತರ ಫಿಲ್ಮಿನ ತುಣುಕನ್ನು ಗಾಜಿಗೆ ಒತ್ತಿ ಹಿಡಿದು, ಬಿಸಿಲಿನಲ್ಲಿ ಬಣ್ಣ ನೋಡಿ, ಮತ್ತೊಮ್ಮೆ ಅಳೆಯಬೇಕು. ಇಡೀ ಕಾರಿಗೆ ಅಂಟಿಸುವ ಮೊದಲು ಹೀಗೆ ಒಂದು ತುಣುಕಿನಲ್ಲಿ ತಿಳಿಯಬಹುದಾದುದನ್ನು ಅಂಟಿಸಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಫಿಲ್ಮಿನ ವಿವರ, ಅಳತೆಯ ಅಂಕಿಗಳು ಇರುವ ಬಿಲ್ಲನ್ನು ಪಡೆದು ವಾಹನದಲ್ಲೇ ಇಟ್ಟಿರಬೇಕು.

ಹಳೆಯ ಫಿಲ್ಮ್ ತೆಗೆಸುವಾಗ ಹಿಂಗಾಜಿನ ಮಂಜು ನಿವಾರಕ ತಂತಿಗೆರೆಗಳ ಬಗ್ಗೆ ಎಚ್ಚರ ಬೇಕು. ಬ್ಲೇಡಿನಿಂದ ಕೆರೆದರೆ ಆ ಗೆರೆಗಳು ತುಂಡಾಗಿ ಇಡೀ ಗಾಜನ್ನೇ ಬದಲಿಸಬೇಕಾಗಬಹುದು. ಬಿಸಿಯಾವಿಯಿಂದ ಅಂಟನ್ನು ಸಡಿಲಿಸಿ ನಿಧಾನವಾಗಿ ಸುಲಿಯುವುದು ಸರಿಯಾದ ವಿಧಾನ. ಹೊಸ ಫಿಲ್ಮ್ ಅಂಟಿಸಿದ ಬಳಿಕ ಒಳಗಿನ ತೇವ ಆರುವವರೆಗೆ ಕೆಲವು ದಿನ ಗಾಜು ಇಳಿಸಬಾರದು.

ಯಾವ ತಕರಾರೂ ಬೇಡವೆನ್ನುವ ಕರ್ನಾಟಕದ ಮಾಲೀಕರಿಗೆ ಉಳಿದಿರುವ ನಿರಾತಂಕದ ದಾರಿ ಎಂದರೆ ಕಾರ್ಖಾನೆಯಿಂದಲೇ ಛಾಯೆ ಪಡೆದು ಬಂದ, ಮಿತಿಯೊಳಗಿನ, ಐಎಸ್‌ಐ ಮುದ್ರೆಯ ಗಾಜು. 2012ರ ತೀರ್ಪೂ ಇದಕ್ಕೆ ಅಡ್ಡಿಯಿಲ್ಲ, ಅನಂತರದ ನಿಯಮವೂ ಇದನ್ನು ಒಪ್ಪುತ್ತದೆ. ಹೊಸ ಕಾರು ಕೊಳ್ಳುವಾಗ ಮೈಲೇಜು, ಬಣ್ಣ ವಿಚಾರಿಸುವಂತೆ ಗಾಜಿನ ವಿಎಲ್‌ಟಿಯನ್ನೂ ವಿಚಾರಿಸಿದರೆ ಮುಂದಿನ ಖರ್ಚು ತಪ್ಪುತ್ತದೆ. ನಿಲ್ಲಿಸಿದ ಕಾರಿನ ಬಿಸಿಗೆ ಮುಂಗಾಜಿನೊಳಗೆ ಇಡುವ ಮಡಚುವ ಬಿಸಿಲುತಡೆ ಸಾಕಷ್ಟು ಪರಿಣಾಮಕಾರಿ. ಹೊರಡುವಾಗ ಅದನ್ನು ತೆಗೆದಿಟ್ಟರಾಯಿತು. ಫಿಲ್ಮ್ ಬೇಕೇ ಬೇಕೆನ್ನುವವರು ಕಾನೂನಿನ ಈ ಅಸ್ಪಷ್ಟತೆಯನ್ನು ಅರಿತು, ಅಂಕಿಗಳನ್ನು ಅಳೆದು ಮುಂದುವರಿಯಬೇಕು. ಹಾಗೆ ಅಳೆಯುವಾಗ ಪೊಲೀಸರ ಮಾಪಕವೊಂದೇ ಮನಸ್ಸಿನಲ್ಲಿದ್ದರೆ ಸಾಲದು. ಮಳೆಗಾಲದ ರಾತ್ರಿ ತನ್ನ ಕಾರಿನ ಎಡಬದಿಯಲ್ಲಿ ಬರುವ ಸೈಕಲ್ ಸವಾರ ಕಾಣುವನೇ ಎಂಬ ಪ್ರಶ್ನೆಯೂ ಇರಬೇಕು.